ಕಡೀ ಪುಟದ ಗುರುಪಾದಪ್ಪ

ಗುರುಪಾದಪ್ಪನವರ ಪುಸ್ತಕದಂಗಡಿಗೆ ಬಾಗಿಲಿರಲಿಲ್ಲ, ಗೋಡೆಯಿರಲಿಲ್ಲ, ಅದರ ಯಜಮಾನರಿಗೆ ಕೂರುವ ಅಭ್ಯಾಸವೂ ಇರಲಿಲ್ಲ. ಆಳಂದದ ಬಸ್ ನಿಲ್ದಾಣದ ಎದುರಿನ ಒಂದು ಕಟ್ಟೆಯ ಮೇಲೆ ತಗಡಿನ ಟ್ರಂಕನ್ನು ತೆರೆದಿಟ್ಟು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿರುತ್ತಿದ್ದರು. ಹಾರ್ನ್ ಕೇಳಿದರೆ ಸಾಕು, ಕುತ್ತಿಗೆ ಅತ್ತ ತಿರುಗುತ್ತಿತ್ತು. ಗಿರಾಕಿ ಪುಸ್ತಕ ಹಿಡಿದು ಇನ್ನೂ ಯೋಚಿಸುತ್ತಿರುವಾಗಲೇ, "ಜಲ್ದಿ ನೋಡ್ರಿ, ನಂದು ಬಸ್ಸಿನ ವ್ಯಾಳ್ಯಾ ಆಗೇದ" ಎನ್ನುತ್ತಿದ್ದರು. ಬಸ್ಸಿಗೆ ಇನ್ನೂ ಮೂರು ತಾಸು ಇರುತ್ತಿತ್ತು. ವಾರದ ಅರ್ಧ ಆಳಂದ, ಇನ್ನರ್ಧ ಅಫಜಲಪುರ. ಎರಡೂ ಕಡೆ ಮನೆ ಇಲ್ಲ. ಟ್ರಂಕು ಬಸ್ಸಿನ ಮೇಲೆ, ಅವರು ಬಸ್ಸಿನ ಒಳಗೆ ಬಾಗಿಲ ಹತ್ತಿರ.

ಎಂಬತ್ತರ ದಶಕದ ಮೊದಲ ವರ್ಷಗಳು. ನರ್ಸಿಂಗ್ ತರಬೇತಿ ಮುಗಿಸಿ ನಾನು ಆಳಂದದ ಆಸ್ಪತ್ರೆಗೆ ಬಂದಿದ್ದೆ. ಊರು ಹೊಸದು, ಬಾಡಿಗೆಯ ಒಂಟಿ ಕೋಣೆ, ಓದುವ ಚಟ. ಆಸ್ಪತ್ರೆಯಿಂದ ಬರುವ ದಾರಿಯಲ್ಲೇ ಆ ಟ್ರಂಕು. ಅದರೊಳಗೆ ಮಾರಾಟಕ್ಕೂ, ಓದಿ ಮರಳಿಸಲಿಕ್ಕೂ ಇದ್ದದ್ದು ಎರಡೇ ಬಗೆಯ ಪುಸ್ತಕ. ಮಾಟಗಾರರು, ಮಾಯದ ಕೋಟೆಗಳಿದ್ದ ಅದ್ಭುತ ಕಾದಂಬರಿಗಳು ಒಂದು ಕಡೆ. ಬೇರೆ ಗ್ರಹ, ಯಂತ್ರಮಾನವ, ಆಕಾಶನೌಕೆಗಳಿದ್ದ ವೈಜ್ಞಾನಿಕ ಕಾದಂಬರಿಗಳು ಇನ್ನೊಂದು ಕಡೆ.

"ಸಾಮಾಜಿಕ ಕಾದಂಬರಿ ಇಲ್ಲೇನ್ರಿ?" ಎಂದು ಮೊದಲ ದಿನ ಕೇಳಿದ್ದೆ.

"ಅದರಾಗಿನ ಮಂದಿ ಸುಳ್ಳು ಹೇಳಿದ್ರ ಗೊತ್ತೇ ಆಗಂಗಿಲ್ರಿ ಸಿಸ್ಟರ್. ನಮ್ಮಂಗೇ ಹೇಳ್ತಾರ. ಇದರಾಗ ನೋಡ್ರಿ, ರಾಕ್ಷಸ ಬಂದು ರಾಜನ ಮಾರಿ ಹಾಕ್ಕೊಂಡು ಸಿಂಹಾಸನದ ಮ್ಯಾಲ ಕುಂಡ್ರತಾನ. ಸುಳ್ಳು ಎಷ್ಟು ದೊಡ್ಡದದ ಅಂತ ಕಣ್ಣಿಗೇ ಕಾಣ್ತದ."

ಪ್ರತಿ ಪುಸ್ತಕದ ಒಳರಕ್ಷಾಪುಟದಲ್ಲಿ ಪೆನ್ಸಿಲಿನಿಂದ ಎರಡು ಅಂಕಿ ಬರೆದಿರುತ್ತಿದ್ದರು. ಸುಳ್ಳು ೨೩, ಖರೇ ೧೮೮. ಮೋಸ ಶುರುವಾಗುವ ಪುಟ ಮೊದಲನೆಯದು, ಅದು ಬಯಲಾಗುವ ಪುಟ ಎರಡನೆಯದು. ಎರಡರ ನಡುವೆ ಎಷ್ಟು ದೂರವೋ ಅಷ್ಟು ಭಾರದ ಕಾದಂಬರಿ ಎಂಬುದು ಅವರ ಲೆಕ್ಕ. ಪಕ್ಕದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಇಸ್ಮಾಯಿಲ್ ಚಾಚಾ, ಅವರ ಖಾಯಂ ಓದುಗ, ಇದಕ್ಕೆ ತಕರಾರು ತೆಗೆಯುತ್ತಿದ್ದ.

"ಅಲ್ಲೋ ಗುರುಪಾದಪ್ಪ, ಮೊದಲೇ ಹೇಳಿಬಿಟ್ರ ಕಿತಾಬು ಓದಾದು ಯಾಕ?"

"ಪುಟ ಹೇಳೇನಿ ಚಾಚಾ. ಸುಳ್ಳು ಯಾವುದಂತ ಹೇಳಿಲ್ಲ. ಹುಡುಕ್ರಿ."

ಪುಸ್ತಕಗಳು ಸೊಲ್ಲಾಪುರದ ರದ್ದಿ ಅಂಗಡಿಗಳಿಂದ ಬಂದವು. ಬಹಳಷ್ಟಕ್ಕೆ ಕೊನೆಯ ಪುಟಗಳೇ ಇರುತ್ತಿರಲಿಲ್ಲ. ಅಂಥವಕ್ಕೆ ಬಿಳಿ ಹಾಳೆ ಹೊಲಿದು, ನೇರಳೆ ಶಾಯಿಯಲ್ಲಿ ಕೊನೆಯ ಭಾಗವನ್ನು ಕೈಯಿಂದ ಬರೆದು ಸೇರಿಸಿರುತ್ತಿದ್ದರು. ಬಲಕ್ಕೆ ವಾಲಿದ ಅಕ್ಷರ, 'ಳ'ದ ಬಾಲ ಮುಂದಿನ ಅಕ್ಷರದ ಕೆಳಗೆ ಹೋಗಿ ಸುತ್ತಿಕೊಳ್ಳುವಷ್ಟು ಉದ್ದ. "ಪೂರ್ತಿ ಪ್ರತಿ ಇದ್ದವರ ಮನೀಗೆ ಹೋಗಿ ನಕಲು ಮಾಡ್ಕೊಂಡು ಬಂದೇನ್ರಿ" ಎನ್ನುತ್ತಿದ್ದರು. ನಾವೆಲ್ಲ ನಂಬಿದ್ದೆವು.

ಅದರಲ್ಲಿ ಒಂದು ಆಕಾಶನೌಕೆಯ ಕಾದಂಬರಿ. ಸಾವಿರ ಜನ ಭೂಮಿ ಬಿಟ್ಟು ದೂರದ ನಕ್ಷತ್ರಕ್ಕೆ ಹೊರಟಿದ್ದಾರೆ. ನಡುದಾರಿಯಲ್ಲಿ ಭೂಮಿಯೇ ನಾಶವಾದ ಸುದ್ದಿ ನೌಕೆಯ ಅಧಿಕಾರಿಯೊಬ್ಬನಿಗೆ ಮಾತ್ರ ತಿಳಿಯುತ್ತದೆ. ಅವನು ಯಾರಿಗೂ ಹೇಳುವುದಿಲ್ಲ. ಅವರವರ ಮನೆಯಿಂದ ಬಂದ ಸಂದೇಶಗಳೆಂದು ತಾನೇ ಬರೆದು ಓದಿ ಹೇಳುತ್ತಾನೆ. ಕೊನೆಗೆ, ನೇರಳೆ ಶಾಯಿಯ ಪುಟಗಳಲ್ಲಿ, ಎಲ್ಲರನ್ನೂ ಸೇರಿಸಿ ನಿಜ ಹೇಳುತ್ತಾನೆ. ಜನ ಅಳುತ್ತಾರೆ, ಆಮೇಲೆ ಅವನನ್ನು ಅಪ್ಪಿಕೊಳ್ಳುತ್ತಾರೆ. ಅದನ್ನು ಓದಿ ನಾನೂ ಅತ್ತಿದ್ದೆ.

ರಜೆಗೆ ಗುಲ್ಬರ್ಗದ ಅಕ್ಕನ ಮನೆಗೆ ಹೋದಾಗ ಅದೇ ಕಾದಂಬರಿಯ ಪೂರ್ತಿ ಪ್ರತಿ ಸಿಕ್ಕಿತು. ಅದರಲ್ಲಿ ಅಧಿಕಾರಿ ಯಾರಿಗೂ ಹೇಳದೆ ಸಾಯುತ್ತಾನೆ. ಜನ ಅವನ ಸಮಾಧಿಯ ಮೇಲೆ ಹೂವಿಟ್ಟು, ಊರಿಂದ ಬರುವ ಮುಂದಿನ ಸಂದೇಶಕ್ಕೆ ಕಾಯುತ್ತಾರೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಆಳಂದಕ್ಕೆ ಬಂದವಳೇ ಟ್ರಂಕಿನ ಮುಂದೆ ನಿಂತು ಕೇಳಿದೆ. "ನಕಲು ಮಾಡೇನಿ ಅಂದಿದ್ರಿ. ಅದರಾಗ ಹಂಗಿಲ್ಲ."

ಅವರು ಕಾಲು ಬದಲಿಸಿದರು. "ಆ ಪುಸ್ತಕ ಬರದಾವ ಅಂಜ್ಯಾನ್ರಿ."

"ಅವರು ಅಂಜಲಿ, ಬಿಡಲಿ. ಅದು ಅವರ ಪುಸ್ತಕ. ನೀವು ನಮಗ ಸುಳ್ಳು ಹೇಳಿದ್ರಿ."

"ಎರಡು ನೂರು ಪುಟ ಸುಳ್ಳು ಹೇಳಿ, ಹೇಳದೇನೇ ಸತ್ತಾ ಅಂದ್ರ ಹೆಂಗ್ರಿ ಸಿಸ್ಟರ್? ಕೇಳ್ಕೊಂತ ಕುಂತ ಮಂದಿ ಏನು ಮಾಡಬೇಕು?" ಅವರ ದನಿ ಒಮ್ಮೆಲೇ ಏರಿತ್ತು. ಇಸ್ಮಾಯಿಲ್ ಚಾಚಾ ಹೊಲಿಗೆ ನಿಲ್ಲಿಸಿ ನೋಡಿದ. ಗುರುಪಾದಪ್ಪ ಟ್ರಂಕು ಮುಚ್ಚಿ, ಹೆಗಲಿಗೇರಿಸಿ, ಹೊರಟು ನಿಂತಿದ್ದ ಬಸ್ಸನ್ನು ಹತ್ತಿಬಿಟ್ಟರು.

"ಅರೇ, ಅದು ಉಮರ್ಗಾದ ಬಸ್ಸು!" ಎಂದು ಚಾಚಾ ಕೂಗಿದ. ಅಫಜಲಪುರಕ್ಕೆ ಹೋಗಬೇಕಾದವರು ಗಡಿಯಾಚೆಯ ಮಹಾರಾಷ್ಟ್ರಕ್ಕೆ ಹೋದರು.

ಮುಂದಿನ ವಾರ ಬಂದಾಗ ಪ್ರತಿ ಪುಸ್ತಕದಲ್ಲೂ ಅಂಕಿಗಳ ಕೆಳಗೆ ಹೊಸ ಸಾಲೊಂದಿತ್ತು. 'ಕಡೀ ಪುಟ ನನ್ನದು. ಗುರುಪಾದಪ್ಪ.' ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಕಡೀ ಪುಟದ ಗುರುಪಾದಪ್ಪ ಎಂದೇ ಹೆಸರು ಬಿತ್ತು. ಅವರ ಎಲ್ಲ ಕಡೀ ಪುಟಗಳಲ್ಲೂ ಒಂದೇ ಸಂಗತಿ ನಡೆಯುತ್ತದೆಂದು ಆಮೇಲೆ ಗಮನಿಸಿದೆ. ಸುಳ್ಳು ಹೇಳಿದವನು ಜನರೆದುರು ನಿಂತು ತಾನೇ ಒಪ್ಪಿಕೊಳ್ಳುತ್ತಾನೆ. ರಾಜನ ಮುಖ ಹಾಕಿಕೊಂಡ ರಾಕ್ಷಸ ಕೂಡ ರಾಣಿಯ ಮುಂದೆ ಮುಖವಾಡ ಕಳಚಿ ಇಡುತ್ತಾನೆ. ಪ್ರತಿಸಲವೂ ಒಪ್ಪಿಕೊಂಡವನಿಗೆ ಕ್ಷಮೆ ಸಿಗುತ್ತದೆ.

ಮೂರು ವರ್ಷದ ನಂತರ ನನಗೆ ಜೇವರ್ಗಿ ತಾಲ್ಲೂಕಿಗೆ ವರ್ಗವಾಯಿತು. "ಅಲ್ಲಿಗೂ ಬರ್ರಿ, ಓದವರು ಭಾಳ ಮಂದಿ ಸಿಗ್ತಾರ" ಎಂದೆ.

"ಆ ರೋಡಿಗೆ ನಾ ಬರಂಗಿಲ್ರಿ."

"ಯಾಕ್ರಿ?"

"ರೋಡು ಸುಮಾರದ" ಎಂದು ಮುಖ ತಿರುಗಿಸಿದರು. ಹೊರಡುವ ದಿನ ಆ ಆಕಾಶನೌಕೆಯ ಕಾದಂಬರಿಯನ್ನು ನನಗೇ ಕೊಟ್ಟರು. "ನಿಮ್ಮ ಸಿಟ್ಟಿನ ಪುಸ್ತಕ, ನಿಮ್ಮ ಹತ್ರಾನೇ ಇರ್ಲಿ."

ಜೇವರ್ಗಿಯಲ್ಲಿ ನನ್ನ ಕೆಲಸ ಹಳ್ಳಿಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವುದು. ಕೊಳಕೂರಿನಲ್ಲಿ ನನಗೆ ನೆರವಾಗುತ್ತಿದ್ದವಳು ಸಂಗಮ್ಮ. ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಮನೆಮನೆಗೆ ಹೋಗಿ ತಾಯಂದಿರನ್ನು ಗದರಿಸಿ ಕರೆತರುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಹೊರದೇಶದ ಹಡಗಿನ ಕಂಪನಿಯಲ್ಲಿದ್ದಾನೆ, ಅವನ ಅಣ್ಣನೂ ಅವನ ಜೊತೆಗಿದ್ದಾನೆ ಎಂದು ಹೇಳಿದ್ದಳು. ಹೇಳುವಾಗ ದನಿ ಸ್ವಲ್ಪ ಜೋರಾಗುತ್ತಿತ್ತು, ಪಕ್ಕದ ಮನೆಗೂ ಕೇಳಲಿ ಎಂಬಂತೆ.

ಒಂದು ದಿನ ಕೆಲಸ ಮುಗಿದ ಮೇಲೆ ಸೆರಗಿನಿಂದ ಒಂದು ಇನ್‌ಲ್ಯಾಂಡ್ ಕಾಗದ ತೆಗೆದಳು. "ಹಳೇ ಪೋಸ್ಟಿನವ ಓದಿ ಹೇಳ್ತಿದ್ದ. ಹೊಸಬ ಒಗೆದು ಹೋಗ್ತಾನ್ರಿ. ಜರಾ ಓದ್ರಿ ಸಿಸ್ಟರ್."

ಜೋರಾಗಿ ಓದತೊಡಗಿದೆ. "ಅವ್ವಗ ನಮಸ್ಕಾರ. ನಾ ಇಲ್ಲಿ ಆರಾಮ ಅದೇನಿ. ಅಣ್ಣನೂ ಆರಾಮ ಅದಾನ. ನಮ್ಮ ಹಡಗಿನಾಗ ಒಂದು ಮಶೀನ ಅದ. ಇತ್ತಾಗಿಂದ ಸಮುದ್ರದ ಉಪ್ಪುನೀರು ಹಾಕಿದ್ರ ಅತ್ತಾಗಿಂದ ಸಿಹಿನೀರು ಬರ್ತದ. ಸಂಗಮ್ಮ, ಅವ್ವನ ಮೊಣಕಾಲಿಗೆ ಎಣ್ಣಿ ತಿಕ್ಕು. ನಾವು ಒಂದು ಕಡೆ ಇರಂಗಿಲ್ಲ, ಉತ್ತರ ಬರೀಬ್ಯಾಡ. ಕಾಗದ ಗೆಳೆಯನ ಕೈಲಿ ಕಳಿಸಿ ಸೊಲ್ಲಾಪುರದಾಗ ಡಬ್ಬಿಗೆ ಹಾಕಸ್ತೇನಿ. ನಿನ್ನ ಸಿದ್ದಣ್ಣ."

"ನೋಡ್ರಿ" ಎಂದಳು ಸಂಗಮ್ಮ. "ಅತ್ತಿ ತೀರ್ಕೊಂಡು ಎರಡು ವರ್ಷಾತು. ಅವರಿಗೆ ಗೊತ್ತೇ ಇಲ್ಲ. ಮೊಣಕಾಲಿಗೆ ಎಣ್ಣಿ ತಿಕ್ಕು ಅಂತಾರ. ಎಲ್ಲಿಗಂತ ಬರೀಲಿ ನಾನು?"

ನಾನು ಕಾಗದವನ್ನು ಕಣ್ಣಿನ ಹತ್ತಿರ ತಂದೆ. ಕಾಗದದಲ್ಲಿ ಬಲಕ್ಕೆ ವಾಲಿದ ಅಕ್ಷರಗಳು, 'ಳ'ದ ಬಾಲ ಮುಂದಿನ ಅಕ್ಷರದ ಕೆಳಗೆ ಹೋಗಿ ಸುತ್ತಿಕೊಂಡಿತ್ತು. ಶಾಯಿ ನೇರಳೆ.

"ಯಾಕ್ರಿ, ಏನು ನೋಡಾಕತ್ತೀರಿ?"

"ಏನಿಲ್ಲ. ಒಂದೆರಡು ಅಕ್ಷರ ತಿಳೀಲಿಲ್ಲ." ಅಷ್ಟು ಸಲೀಸಾಗಿ ನನ್ನ ಬಾಯಿಂದ ಆ ಮಾತು ಬಂತು.

ಕೋಣೆಗೆ ಬಂದು ಕಾದಂಬರಿ ತೆಗೆದು ನೋಡಿದೆ. ಅನುಮಾನವೇ ಉಳಿಯಲಿಲ್ಲ. ಗುರುಪಾದಪ್ಪನೇ ಆ ಸಿದ್ದಣ್ಣ, ಹೆಸರು ಬದಲಿಸಿಕೊಂಡು ಒಂದು ದಿನದ ದಾರಿಯಲ್ಲಿ ಪುಸ್ತಕ ಹಂಚಿಕೊಂಡು ತಿರುಗುತ್ತ, ಹೆಂಡತಿಗೆ ಹಡಗಿನ ಕಥೆ ಬರೆಯುತ್ತಿದ್ದಾನೆ ಎಂದುಕೊಂಡೆ. ಅವರನ್ನು ಎಷ್ಟು ಮೆಚ್ಚಿಕೊಂಡಿದ್ದೆನೋ ಅಷ್ಟೇ ಅಸಹ್ಯವಾಯಿತು. ಭಾನುವಾರಗಳಂದು ಅವರು ಚೌಡಾಪುರದ ರಸ್ತೆಬದಿಯಲ್ಲಿ, ಗಾಣಗಾಪುರಕ್ಕೆ ಹೋಗುವ ಜನ ಬಸ್ಸು ಬದಲಿಸುವಲ್ಲಿ, ಟ್ರಂಕು ತೆರೆಯುತ್ತಾರೆಂದು ಗೊತ್ತಿತ್ತು. ಮೊದಲ ಬಸ್ಸು ಹಿಡಿದು ಹೋದೆ.

"ಆರಾಮೇನ್ರಿ ಸಿಸ್ಟರ್?" ಎಂದು ಅವರು ನಕ್ಕರು.

"ಸಿದ್ದಣ್ಣ ಅಂತ ಕರೀಲೇನು ನಿಮ್ಮನ್ನ?"

ನಗು ಅಲ್ಲೇ ನಿಂತಿತು.

"ನಿಮ್ಮವ್ವ ಸತ್ತು ಎರಡು ವರ್ಷಾತು. ಇನ್ನೂ ಮೊಣಕಾಲಿಗೆ ಎಣ್ಣಿ ಹಚ್ಚಾಕ ಹೇಳಾಕತ್ತೀರಿ. ಆ ಹೆಣ್ಮಗಳು ದಾರಿ ಕಾಯಾಕತ್ತಾಳ. ನಾಚಿಕಿ ಬರಂಗಿಲ್ಲೇನು?"

ಅವರು ಟ್ರಂಕಿನ ಅಂಚು ಹಿಡಿದು ಮೆಲ್ಲಗೆ ರಸ್ತೆಬದಿಯ ಮಣ್ಣಿನಲ್ಲೇ ಕೂತರು. ಒಂದು ಬಸ್ಸು ಬಂತು, ಹಾರ್ನ್ ಹಾಕಿತು, ಹೋಯಿತು. ಅವರು ತಲೆ ಎತ್ತಲಿಲ್ಲ.

"ಅವ್ವ ಹೋದಳು" ಎಂದರು. ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ. ಟ್ರಂಕಿನ ಮುಚ್ಚಳ ಹಾಕಿ, "ನಾ ಸಿದ್ದಣ್ಣ ಅಲ್ರಿ. ನಾ ಅವನ ಅಣ್ಣ. ಸಿದ್ದಣ್ಣ ಇಲ್ಲ. ಎಂಟು ವರ್ಷಾತು" ಎಂದರು.

ಅಣ್ಣತಮ್ಮ ಇಬ್ಬರೂ ಸೊಲ್ಲಾಪುರಕ್ಕೆ ಕೆಲಸಕ್ಕೆ ಹೋಗಿದ್ದರು. ಗುರುಪಾದಪ್ಪನವರೇ ಹಟ ಮಾಡಿ ಕರೆದೊಯ್ದದ್ದು. ಹೊಸದಾಗಿ ಮದುವೆಯಾದ ತಮ್ಮನಿಗೆ ಊರು ಬಿಡುವ ಮನಸ್ಸಿರಲಿಲ್ಲ. ಒಂದು ಮಳೆಗಾಲ ಕಾಮಾಲೆ ಹತ್ತಿ ಹನ್ನೆರಡೇ ದಿನದಲ್ಲಿ ತೀರಿಕೊಂಡ. ಅಲ್ಲಿಯೇ ಮಣ್ಣು ಮಾಡಿ, ಮನೆಯವರಿಗೆ ಹೇಳಲು ಗುರುಪಾದಪ್ಪ ಜೇವರ್ಗಿಯವರೆಗೆ ಬಂದರು. ಬಸ್ ನಿಲ್ದಾಣದಲ್ಲಿ ಊರಿನವನೊಬ್ಬ ಸಿಕ್ಕಿ, "ನಿಮ್ಮವ್ವ ಮಕ್ಕಳ ಚಿಂತ್ಯಾಗ ಹಾಸಿಗಿ ಹಿಡದಾಳ. ಸಿದ್ದಣ್ಣ ಆರಾಮದಾನಿಲ್ಲೋ?" ಎಂದು ಕೇಳಿದ.

"ಹೌದು, ಆರಾಮದಾನ ಅಂದೆ. ಬಾಯಿಂದ ಬಂದುಬಿಡ್ತು. ಅವ ಖುಷಿಯಾಗಿ ಸುದ್ದಿ ಹೇಳಾಕ ಊರಿಗೆ ಹೋದ. ನಾ ಬಂದ ಬಸ್ಸಿಗೇ ಹತ್ತಿ ಸೊಲ್ಲಾಪುರಕ್ಕ ತಿರುಗಿ ಹೋದೆ. ಆ ಒಂದು ಮಾತು ನಿಂದ್ರಸಾಕ ಮೊದಲನೇ ಕಾಗದ ಬರದೆ. ಅದು ನಿಂದ್ರಸಾಕ ಎರಡನೇದು. ಕಾಗದದಾಗ ಸಿದ್ದಣ್ಣನ್ನ ದೂರ ದೂರ ಕಳಸ್ಕೊಂತ ಹೋದೆ. ಸೊಲ್ಲಾಪುರ ಆತು, ಬೊಂಬಾಯಿ ಆತು, ಹಡಗು ಆತು."

ನನ್ನ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ. ಆದರೂ ಸಂಗಮ್ಮನ ಮುಖ ಕಣ್ಣ ಮುಂದಿತ್ತು. "ನೀವು ಬಂದು ಹೇಳಬೇಕು" ಎಂದೆ.

"ಬರದು ಕೊಡ್ತೇನ್ರಿ. ಎಲ್ಲಾ ಖರೇ ಬರೀತೇನಿ. ನೀವು ಓದಿ ಹೇಳ್ರಿ."

"ನಾ ಓದಂಗಿಲ್ಲ."

"ಇಷ್ಟು ಪುಸ್ತಕದಾಗ ಎಷ್ಟು ಸಲ ಹೇಳಿಸೇನಿ ನಾನು..."

"ಪುಸ್ತಕದಾಗಿನ ಮಂದಿ ನೀವು ಬರದದ್ದೇ ಮಾತಾಡ್ತಾರ್ರಿ. ಗುರುವಾರ ಕೊಳಕೂರಿಗೆ ಹೋಗ್ತೇನಿ. ಮುಂಜಾನೆ ಜೇವರ್ಗಿ ಸ್ಟ್ಯಾಂಡಿನಾಗ ನೀವು ಇರಲಿಲ್ಲಂದ್ರ ನಾನೇ ಹೇಳ್ತೇನಿ."

ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಗುರುವಾರ ಸ್ಟ್ಯಾಂಡಿಗೆ ಹೋದರೆ ಗಡ್ಡ ಬೋಳಿಸಿಕೊಂಡು, ಟ್ರಂಕಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತಿಂದಿತ್ತ ತಿರುಗುತ್ತಿದ್ದರು. ದಾರಿಯುದ್ದಕ್ಕೂ ಬಸ್ಸು ನಿಂತಾಗಲೆಲ್ಲ ಅವರು ಬಾಗಿಲ ಕಡೆಗೆ ನೋಡಿದರು, ನಾನು ಅವರ ಕಡೆಗೆ ನೋಡಿದೆ.

ಸಂಗಮ್ಮ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ತಲೆಯೆತ್ತಿ ನೋಡಿದವಳು ಮೊರ ಕೆಳಗಿಟ್ಟು ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಭಾವ!" ಎಂದವಳೇ ಅವರ ಹೆಗಲ ಮೇಲಿಂದ ರಸ್ತೆಯ ಕಡೆಗೆ ನೋಡಿದಳು. ಆ ನೋಟವನ್ನು ನಾನು ಮರೆತಿಲ್ಲ.

"ಅವರು ಹಿಂದ ಬರಾಕತ್ತಾರೇನ್ರಿ?"

"ಇಲ್ಲವ್ವ." ಗುರುಪಾದಪ್ಪ ಅಂಗಳದ ಅಂಚಿನಲ್ಲೇ ನಿಂತರು. "ಬರಂಗಿಲ್ಲ. ಸಿದ್ದಣ್ಣ ಹೋಗಿ ಎಂಟು ವರ್ಷಾತು, ಸೊಲ್ಲಾಪುರದಾಗೇ. ಕಾಗದ ನಾ ಬರೀತಿದ್ದೆ."

ಅವಳು ಅಳಲಿಲ್ಲ. ಏನನ್ನೋ ಲೆಕ್ಕ ಹಾಕುವವಳ ಹಾಗೆ ನಿಂತಳು.

"ಆ ಉಪ್ಪುನೀರಿನ ಮಶೀನ?"

"ಅದೂ ನಾ ಬರದದ್ದೇ."

"ಊರ ಮಂದೀಗೆಲ್ಲಾ ಹೇಳೇನಲ್ರಿ ನಾನು" ಎಂದಳು. ಆಮೇಲೆ ಅವಳ ದನಿ ಬದಲಾಯಿತು. "ಇಪ್ಪತ್ತೆರಡಿತ್ತು ನನಗ. ನಮ್ಮಣ್ಣ ಬಂದು, ಗಂಡ ಬಿಟ್ಟು ಹೋಗ್ಯಾನ, ಉಡಿಕಿ ಮಾಡಿ ಇನ್ನೊಬ್ಬಗ ಕೊಡ್ತೇವಿ ಬಾ ಅಂದ. ಕಾಗದ ತೋರಿಸಿ ಬೈದು ಕಳಿಸಿದೆ. ಬ್ಯಾರೆ ಹೆಂಗಸಿನ ಜೋಡಿ ಅದಾನ ಅಂತ ಊರಾಗ ಅಂದ್ರು, ಅವರ ಸಂಗಟ ಜಗಳಾಡಿದೆ. ಮನ್ಯಾಗ ಕುಂತು ನಾನೂ ಹಂಗೇ ಅನ್ಕೊಂಡೆ. ಸತ್ತಾವನ ಮ್ಯಾಲ ಎಂಟು ವರ್ಷ ಸಂಶೆ ಪಟ್ಟೆನಲ್ರಿ ಭಾವ!"

ಗುರುಪಾದಪ್ಪ ಅವಳ ಕಾಲಿಗೆ ಬೀಳಲು ಬಗ್ಗಿದರು. ಅವಳು ಹಿಂದೆ ಸರಿದಳು. "ಏಳ್ರಿ. ಅದೆಲ್ಲ ಬ್ಯಾಡ."

"ನೀ ಏನರ ಅನ್ನವ್ವ. ಬೈಯಿ."

"ಬೈದ್ರ ನಿಮಗ ಹಗುರಾಗ್ತದ" ಎಂದಳು. ಕೂತು ಮತ್ತೆ ಮೊರ ತೆಗೆದುಕೊಂಡಳು. ತೊಗರಿಯ ಮೇಲೆ ಅವಳ ಕೈ ಆಡುತ್ತಿತ್ತು, ಕಲ್ಲು ಕಾಳು ಎರಡೂ ಹಾಗೇ ಉಳಿಯುತ್ತಿದ್ದವು. "ಎಲ್ಲಿ ಮಣ್ಣು ಮಾಡೀರಿ, ಅದನ್ನ ತೋರಸ್ರಿ. ಅಷ್ಟೇ."

ಮರುವಾರ ಇಬ್ಬರೂ ಸೊಲ್ಲಾಪುರಕ್ಕೆ ಹೋದರು. ಜೇವರ್ಗಿಯಲ್ಲಿ ಬಸ್ಸು ಬದಲಿಸುವಾಗ ನಾನೇ ಹತ್ತಿಸಿ ಬಂದೆ. ಸಂಗಮ್ಮನ ಮಡಿಲಲ್ಲಿ ಎಲೆಯಲ್ಲಿ ಸುತ್ತಿದ ಚೆಂಡುಹೂಗಳಿದ್ದವು. ಗುರುಪಾದಪ್ಪ ಕಿಟಕಿಯಿಂದ, "ಬರ್ತೇನ್ರಿ ಸಿಸ್ಟರ್" ಎಂದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಅವರು ಆಳಂದಕ್ಕೂ ಹೋಗಲಿಲ್ಲ, ಅಫಜಲಪುರಕ್ಕೂ ಹೋಗಲಿಲ್ಲ. ಇಸ್ಮಾಯಿಲ್ ಚಾಚಾ ಕೆಲವು ವರ್ಷ ಬಸ್ ಕಂಡಕ್ಟರುಗಳನ್ನೆಲ್ಲ ವಿಚಾರಿಸಿದ. ಅಫಜಲಪುರದ ಚಹಾ ಹೋಟೆಲಿನಲ್ಲಿ ಇಟ್ಟುಹೋಗಿದ್ದ ಟ್ರಂಕಿನ ಪುಸ್ತಕಗಳನ್ನು ಯಾರು ಯಾರೋ ಒಯ್ದರಂತೆ. ನಾನು ರಜೆಯ ದಿನಗಳಲ್ಲಿ ಎರಡು ಸಲ ಸೊಲ್ಲಾಪುರಕ್ಕೆ ಹೋಗಿ ರದ್ದಿ ಅಂಗಡಿಗಳ ಓಣಿಯಲ್ಲಿ ತಿರುಗಾಡಿದೆ. ಅಷ್ಟು ಗಟ್ಟಿಯಾಗಿ ಒತ್ತಾಯ ಮಾಡಬಾರದಿತ್ತೇನೋ ಅನಿಸುತ್ತಿತ್ತು. ಸಂಗಮ್ಮನನ್ನು ನೋಡಿದಾಗ ಹಾಗೆ ಅನಿಸುತ್ತಿರಲಿಲ್ಲ. ಒಂದು ತೀರ್ಮಾನಕ್ಕೆ ಬಂದು ನೆಮ್ಮದಿಯಾಗಿರಲು ನನಗೆ ಇವತ್ತಿಗೂ ಆಗಿಲ್ಲ.

ಸೊಲ್ಲಾಪುರದಲ್ಲಿ ನಡೆದದ್ದನ್ನು ಸಂಗಮ್ಮ ಬಹಳ ದಿನ ಹೇಳಿರಲಿಲ್ಲ. ಆ ಬೇಸಿಗೆ ಅವಳು ಅಕ್ಷರ ಕಲಿಸಿರೆಂದು ನನ್ನ ಹತ್ತಿರ ಬರತೊಡಗಿದಳು. ತನ್ನ ಕಾಗದ ಇನ್ನು ಯಾರ ಬಾಯಿಂದಲೂ ಕೇಳುವುದಿಲ್ಲ ಎಂಬುದು ಅವಳ ಹಟ. ಒಂದು ದಿನ ಪಾಟಿಯ ಮೇಲೆ ತಿದ್ದುತ್ತ ತಾನಾಗಿ ಶುರುಮಾಡಿದಳು.

"ದೊಡ್ಡ ಜಾಗಾ ಅದು. ಗುರುತಿಲ್ಲ, ಕಲ್ಲಿಲ್ಲ. ಭಾವ ಅತ್ತಾಗಿತ್ತಾಗ ಅಡ್ಡಾಡಿದ್ರು. ಆಮ್ಯಾಲ ಒಂದು ಬೇವಿನ ಗಿಡದ ಬುಡಕ ನಿಂತು, ಇಲ್ಲೇ ನೋಡವ್ವ ಅಂದ್ರು. ನಾ ಹೂವು ಇಟ್ಟೆ. ಹಣಿ ಹಚ್ಚಿದೆ. ಎದ್ದು ನೋಡಿದ್ರ ಅವರ ಮಾರಿ ಒಂಥರಾ ಆಗಿತ್ತು. 'ಸಂಗಮ್ಮ, ಇಲ್ಲಿ ಅಲ್ಲವ್ವ' ಅಂದ್ರು. 'ಎಲ್ಲಿ ಅಂತ ನನಗ ಗೊತ್ತಿಲ್ಲ' ಅಂದ್ರು."

"ನೀ ಏನಂದಿ?"

"ಏನಂತೀನಿ? ಹೂವು ಅಲ್ಲೇ ಬಿಟ್ಟೆ. ಯಾರೋ ಒಬ್ಬರು ಇರ್ತಾರಲ್ರಿ ಅಲ್ಲಿ. ಸ್ಟ್ಯಾಂಡಿಗೆ ಬಂದೆವು. ಚಾ ತರ್ತೇನಿ, ಕುಂಡ್ರು ಅಂದ್ರು. ಹೋದ್ರು. ನಮ್ಮ ಬಸ್ಸು ಬಂತು, ಬಿಟ್ಟೆ. ಎರಡನೇದು ಬಂತು, ಹತ್ತಿದೆ."

"ಹುಡುಕಲಿಲ್ಲೇನು?"

ಸಂಗಮ್ಮ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ನೇರವಾಗಿ ನೋಡಿದಳು.

"ಎಷ್ಟು ವರ್ಷ ಕಾಯಬೇಕ್ರಿ ಸಿಸ್ಟರ್, ಒಂದು ಮನೀ ಗಂಡಸರಿಗೆ?"